ಕತ್ತರಿ ಬೀಳುವ ಮುನ್ನ: ಅಂಗಿ ಹೊಲಿಸುವವರಿಗೆ

ಹೊಲಿದು ಕೈಗೆ ಬಂದ ಅಂಗಿಯಲ್ಲಿ ಸರಿಪಡಿಸಲು ಬರುವಂಥದ್ದು ಬಹಳ ಕಡಿಮೆ. ಪಕ್ಕದ ಹೊಲಿಗೆ ಒಳಗೆ ಹಿಡಿಯಬಹುದು, ಉದ್ದ ಮೊಟಕು ಮಾಡಬಹುದು, ತೋಳು ಗಿಡ್ಡ ಮಾಡಬಹುದು. ಆದರೆ ಭುಜ ಇಳಿದರೆ, ಕಂಕುಳ ತಗ್ಗಾದರೆ, ಕಾಲರ್ ಕೊರಳಿಗೆ ಬಿಗಿಯಾದರೆ ಆ ಅಂಗಿ ಟ್ರಂಕಿನಲ್ಲೇ ಉಳಿಯುತ್ತದೆ. ಬಟ್ಟೆ ಕೊಳ್ಳುವಾಗ, ಅಳತೆ ಕೊಡುವಾಗ ಹತ್ತು ನಿಮಿಷ ಹೆಚ್ಚು ಕೊಟ್ಟರೆ ಈ ಮೂರೂ ತೊಂದರೆ ತಪ್ಪುತ್ತವೆ. ಬಳ್ಳಾರಿ ಜೀನ್ಸ್‌ಗೆ ಹೆಸರಾದ ಊರಾದರೂ ಅಂಗಿಯನ್ನು ಓಣಿಯ ಟೇಲರ್ ಹತ್ತಿರ ಹೊಲಿಸುವವರು ಇಲ್ಲಿಯೂ, ರಾಯಚೂರು-ಕೊಪ್ಪಳದಲ್ಲಿಯೂ ಇನ್ನೂ ಬಹಳ ಮಂದಿ ಇದ್ದಾರೆ. ಈ ಬರಹ ಅವರಿಗಾಗಿ.

ಉಗಾದಿ, ದಸರಾ, ಮದುವೆಯ ಸುಗ್ಗಿ, ಕೊಪ್ಪಳದ ಕಡೆಯಾದರೆ ಗವಿಮಠದ ಜಾತ್ರೆ: ಈ ದಿನಗಳಿಗೆ ಕನಿಷ್ಠ ಮೂರು ವಾರ ಮೊದಲೇ ಬಟ್ಟೆ ಕೊಡಿ. ಹಬ್ಬದ ಹಿಂದಿನ ವಾರ ಎಂಥ ಒಳ್ಳೆಯ ಟೇಲರ್ ಆದರೂ ಕತ್ತರಿಸುವ ಕೆಲಸವನ್ನು ರಾಶಿ ರಾಶಿಯಾಗಿ ಮುಗಿಸುತ್ತಾರೆ, ಹೊಲಿಯುವುದು ಇನ್ನೊಬ್ಬರ ಕೈ ಸೇರುತ್ತದೆ. ನೀವು ಹೇಳಿದ ಸಣ್ಣ ಮಾತುಗಳೆಲ್ಲ ಕಳೆದುಹೋಗುವುದು ಅಲ್ಲೇ.

ಬಟ್ಟೆ

ಏಪ್ರಿಲ್-ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಸೀಮೆ ನಮ್ಮದು. ದಿನಾಲೂ ತೊಡುವ ಅಂಗಿಗೆ ಹತ್ತಿಯೇ ಸರಿ. ಟೆರಿಕಾಟ್‌ನಲ್ಲಿ ಸಾಮಾನ್ಯವಾಗಿ ಮೂರರಲ್ಲಿ ಎರಡು ಪಾಲು ಪಾಲಿಯೆಸ್ಟರ್ ಇರುತ್ತದೆ. ಸುಕ್ಕು ಬೀಳುವುದಿಲ್ಲ, ಬೇಗ ಒಣಗುತ್ತದೆ, ಬೆವರು ಮಾತ್ರ ಹೀರುವುದಿಲ್ಲ. ಮಳೆಗಾಲಕ್ಕೆ, ಪ್ರಯಾಣಕ್ಕೆ ಇಟ್ಟುಕೊಳ್ಳಿ. ಲಿನನ್ ತಂಪು, ಆದರೆ ಕೂತು ಎದ್ದರೆ ಸುಕ್ಕು, ಬೆಲೆಯೂ ಹೆಚ್ಚು.

ಅಂಗಡಿಯವರು ಪ್ಯೂರ್ ಕಾಟನ್ ಎಂದರೆ ಅಂಚಿನಿಂದ ಎರಡು ಎಳೆ ನೂಲು ಕೇಳಿ ಪಡೆದು, ಹೊರಗೆ ಬಂದು ಬೆಂಕಿಕಡ್ಡಿ ತಾಗಿಸಿ. ಹತ್ತಿಯ ಎಳೆ ಕಾಗದದ ಹಾಗೆ ಉರಿದು, ಸುಟ್ಟ ಕಾಗದದ ವಾಸನೆ ಬಿಟ್ಟು, ಬೆರಳಲ್ಲಿ ಉಜ್ಜಿದರೆ ಪುಡಿಯಾಗುವ ಬೂದಿಯಾಗುತ್ತದೆ. ಪಾಲಿಯೆಸ್ಟರ್ ಉರಿಯುವ ಮೊದಲೇ ಮುದುಡಿ, ಕರಗಿ, ತುದಿಯಲ್ಲಿ ಗಟ್ಟಿ ಕರಿ ಗುಂಡಾಗಿ ನಿಲ್ಲುತ್ತದೆ. ಎರಡೂ ಕಂಡರೆ ಅದು ಮಿಶ್ರಣ. ಒಂದು ಎಳೆ ಉದ್ದದಿಂದ, ಒಂದು ಎಳೆ ಅಡ್ಡದಿಂದ ತೆಗೆಯಿರಿ. ಕೆಲವು ಬಟ್ಟೆಗಳಲ್ಲಿ ಹಾಸು ಒಂದು ನೂಲು, ಹೊಕ್ಕು ಇನ್ನೊಂದು ನೂಲು ಇರುತ್ತದೆ.

ಎಷ್ಟು ಬಟ್ಟೆ ಬೇಕು ಎಂಬುದು ಪನ್ನದ, ಅಂದರೆ ಬಟ್ಟೆಯ ಅಗಲದ, ಮೇಲೆ ನಿಂತಿದೆ. ಎದೆ 40 ಇಂಚಿನೊಳಗಿನ, ಸಾಧಾರಣ ಎತ್ತರದ ಗಂಡಸಿಗೆ ಪೂರ್ತಿ ತೋಳಿನ ಅಂಗಿಯಾದರೆ 58 ಇಂಚು ಪನ್ನದಲ್ಲಿ 1.6 ಮೀಟರ್, 44 ಇಂಚಿನಲ್ಲಿ 2.25 ಮೀಟರ್, 36 ಇಂಚಿನಲ್ಲಿ 2.5 ಮೀಟರ್ ಸಾಕು. ಅರ್ಧ ತೋಳಿಗೆ ಕಾಲು ಮೀಟರಿನಷ್ಟು ಕಡಿಮೆ. ದೊಡ್ಡ ಚೌಕಡಿ ಇದ್ದರೆ ಕಾಲು ಮೀಟರ್ ಹೆಚ್ಚು ತನ್ನಿ: ಎಡ-ಬಲದ ಗೆರೆ, ಕಿಸೆಯ ಗೆರೆ ಕೂಡಿಸಲು ಟೇಲರ್ ಬಟ್ಟೆಯನ್ನು ಸರಿಸಿ ಸರಿಸಿ ಕತ್ತರಿಸಬೇಕಾಗುತ್ತದೆ. ಬಟ್ಟೆ ಸಾಲದಿದ್ದರೆ ಗುಂಡಿ ಹಾಕಿದಾಗ ಗೆರೆಗಳು ಅರ್ಧ ಇಂಚು ಮೇಲೆ ಕೆಳಗೆ ಕಾಣುತ್ತವೆ. ಹಿರಿಯರು ಧೋತರದ ಮೇಲೆ ತೊಡುವ ಉದ್ದನೆಯ ಬಿಳಿ ನೆಹರೂ ಶರ್ಟಿಗೆ, ಪಕ್ಕದ ಕಿಸೆ ಸಹಿತ, 58 ಇಂಚಿನ ಪನ್ನದಲ್ಲಿ ಎರಡೂಕಾಲು ಮೀಟರ್ ಬೇಕು.

ಕೊಡುವ ಮೊದಲು ನೆನೆಸಿ

ಇದನ್ನು ಬಿಡುವವರೇ ಹೆಚ್ಚು, ನಷ್ಟವಾಗುವುದೂ ಇಲ್ಲಿಯೇ. ಹತ್ತಿ ಬಟ್ಟೆಯನ್ನು ಕಾರ್ಖಾನೆಯಲ್ಲಿ ಉದ್ದುದ್ದಕ್ಕೆ ಎಳೆದು ಸುತ್ತಿರುತ್ತಾರೆ. ನೀರು ಬಿದ್ದಾಗ ನೂಲು ಆ ಎಳೆತ ಬಿಟ್ಟು ತನ್ನ ಉದ್ದಕ್ಕೆ ಮರಳುತ್ತದೆ. ನೂರಕ್ಕೆ 3ರಿಂದ 5ರಷ್ಟು ಕುಗ್ಗುವುದು ಸಾಮಾನ್ಯ. ಖಾದಿ, ಕೈಮಗ್ಗದ ಬಟ್ಟೆ ಇನ್ನೂ ಹೆಚ್ಚು. ಲೆಕ್ಕ ನೋಡಿ: 30 ಇಂಚು ಉದ್ದದ ಅಂಗಿ ನೂರಕ್ಕೆ 3 ಕುಗ್ಗಿದರೆ ಸುಮಾರು ಒಂದು ಇಂಚು ಹೋಯಿತು, ಅದನ್ನು ಹೇಗೋ ತಾಳಿಕೊಳ್ಳಬಹುದು. ಹದಿನೈದೂವರೆ ಇಂಚಿನ ಕಾಲರ್‌ನಲ್ಲಿ ಅದೇ ನೂರಕ್ಕೆ 3 ಎಂದರೆ ಹತ್ತಿರ ಹತ್ತಿರ ಅರ್ಧ ಇಂಚು. ಕೊರಳಿಗೆ ಸಡಿಲ ಎಂದು ಟೇಲರ್ ಬಿಟ್ಟಿದ್ದೇ ಅರ್ಧ ಇಂಚು. ಮೊದಲ ಒಗೆತಕ್ಕೇ ಮೇಲಿನ ಗುಂಡಿ ಹಾಕಲಿಕ್ಕೆ ಬಾರದಂತಾಗುವುದು ಹೀಗೆ.

ದೊಡ್ಡ ಬಕೆಟ್ಟಿನಲ್ಲಿ ತಣ್ಣೀರು ತುಂಬಿ, ಬಟ್ಟೆಯನ್ನು ಮಡಿಕೆ ಬಿಡಿಸಿ ಮುಳುಗಿಸಿ, ರಾತ್ರಿಯಿಡೀ ಬಿಡಿ. ಗಂಜಿ ಹೆಚ್ಚಿದ್ದರೆ ಬೆಳಿಗ್ಗೆ ನೀರು ಬೆಳ್ಳಗೆ ಜಿಗುಟಾಗಿರುತ್ತದೆ; ಇನ್ನೊಮ್ಮೆ ಜಾಲಿಸಿ. ಹಿಂಡಬೇಡಿ, ಹಿಂಡಿದರೆ ಎಳೆಗಳು ಓರೆಯಾಗಿ ಕತ್ತರಿಸುವಾಗ ನೆಟ್ಟಗೆ ಬರುವುದಿಲ್ಲ. ನೆರಳಿನಲ್ಲಿ ಹರವಿ, ಇನ್ನೂ ಸ್ವಲ್ಪ ಹಸಿ ಇರುವಾಗ ಇಸ್ತ್ರಿ ಮಾಡಿ ಕೊಡಿ. ಗಾಢ ಬಣ್ಣವಾದರೆ ನೆನೆಸುವ ಮೊದಲು ಒಂದು ಮೂಲೆಯನ್ನು ಒದ್ದೆ ಮಾಡಿ ಬಿಳಿ ಬಟ್ಟೆಯ ಮೇಲೆ ಒತ್ತಿ ನೋಡಿ. ಬಣ್ಣ ಹತ್ತಿದರೆ ಅಂಗಡಿಗೆ ವಾಪಸ್ ಕೊಡುವುದೇ ಒಳ್ಳೆಯದು. ಉಪ್ಪು ನೀರಿನಲ್ಲಿ ನೆನೆಸಿದರೆ ಬಣ್ಣ ನಿಲ್ಲುತ್ತದೆ ಎಂದು ಮನೆಗಳಲ್ಲಿ ಹೇಳುತ್ತಾರೆ. ಕಾರ್ಖಾನೆಯಲ್ಲಿ ಹಾಕಿದ ಬಣ್ಣಕ್ಕೆ ಅದರಿಂದ ಉಪಯೋಗವಿಲ್ಲ.

ಅಂಚಿನಲ್ಲಿ ಸ್ಯಾನ್‌ಫರೈಸ್ಡ್ ಎಂಬ ಮುದ್ರೆ ಇದ್ದರೆ ಆ ಬಟ್ಟೆಯನ್ನು ಕಾರ್ಖಾನೆಯಲ್ಲೇ ಕುಗ್ಗಿಸಿದ್ದಾರೆ ಎಂದರ್ಥ. ಕಾಲರ್ ತಯಾರಿಸುವ ಕಂಪನಿಯಲ್ಲಿದ್ದ ಸ್ಯಾನ್‌ಫರ್ಡ್ ಕ್ಲೂಯೆಟ್ ಎಂಬ ಅಮೆರಿಕದವರು 1930ರಲ್ಲಿ ಇದಕ್ಕೆ ಪೇಟೆಂಟ್ ಪಡೆದರು, ಮುದ್ರೆಗೆ ಬಂದದ್ದು ಅವರ ಹೆಸರೇ. ಅಂಥ ಬಟ್ಟೆ ನೂರಕ್ಕೆ 1ರ ಆಸುಪಾಸಿನಲ್ಲಿ ಮಾತ್ರ ಕುಗ್ಗುತ್ತದೆ. ಅದನ್ನೂ ಟೆರಿಕಾಟನ್ನೂ ನೆನೆಸದೆ ಕೊಡಬಹುದು.

ಅಳತೆ

ನಮ್ಮ ಕಡೆ ರೂಢಿ ಎಂದರೆ ಒಂದು ಹಳೆಯ ಅಂಗಿ ಕೊಟ್ಟು "ಇದರ ಅಳತಿಗೆ ಹೊಲಿರಿ" ಎನ್ನುವುದು. ಚೆನ್ನಾಗಿ ಕೂರುವ ಅಂಗಿಯಾದರೆ ಇದರಲ್ಲಿ ತಪ್ಪೇನಿಲ್ಲ. ಆದರೆ ಅದು ಒಗೆದು ಒಗೆದು ಕುಗ್ಗಿದ ಅಂಗಿಯಾಗಿರಬಾರದು, ಮತ್ತು ಅದರ ದೋಷವೂ ಹೊಸದಕ್ಕೆ ಬರುತ್ತದೆ ಎಂಬುದು ನೆನಪಿರಲಿ. ಎಲ್ಲಿ ಬಿಗಿ, ಎಲ್ಲಿ ಸಡಿಲ ಎಂದು ಸೀಮೆಸುಣ್ಣದಲ್ಲಿ ಅಂಗಿಯ ಮೇಲೆಯೇ ಗುರುತು ಮಾಡಿ ಕೊಡಿ. ಬಾಯಿಮಾತು ಮರೆತುಹೋಗುತ್ತದೆ, ಗುರುತು ಉಳಿಯುತ್ತದೆ.

ಮೈಮೇಲೆ ಅಳತೆ ಕೊಡುವಾಗ ಬನಿಯನ್ ಮೇಲೆ ತೆಳು ಅಂಗಿ ಮಾತ್ರ ಇರಲಿ. ಕಿಸೆ ಖಾಲಿ ಮಾಡಿ. ಎದೆ ಉಬ್ಬಿಸದೆ, ಹೊಟ್ಟೆ ಎಳೆದುಕೊಳ್ಳದೆ, ದಿನಾ ನಿಲ್ಲುವ ಹಾಗೆ ನಿಲ್ಲಿ. ಹೊಟ್ಟೆ ಎಳೆದು ಕೊಟ್ಟ ಅಳತೆಯ ಅಂಗಿ ಊಟಕ್ಕೆ ಕೂತಾಗ ಗುಂಡಿ ಕೀಳುತ್ತದೆ.

ಮೊದಲು ಭುಜ. ಭುಜದ ತುದಿಯಲ್ಲಿ, ಕೈ ಶುರುವಾಗುವಲ್ಲಿ ಒಂದು ಮೂಳೆ ಬೆರಳಿಗೆ ಸಿಗುತ್ತದೆ. ಒಂದು ಮೂಳೆಯಿಂದ ಇನ್ನೊಂದಕ್ಕೆ ಬೆನ್ನ ಮೇಲಿಂದ ಟೇಪು ಹಿಡಿಯಬೇಕು. ಅಂಗಿಯ ತೋಳಿನ ಹೊಲಿಗೆ ಆ ಮೂಳೆಯ ಮೇಲೆಯೇ ಬರಬೇಕು. ಹೊರಗೆ ಜಾರಿದರೆ ಬೇರೆಯವರ ಅಂಗಿ ತೊಟ್ಟಂತೆ ಕಾಣುತ್ತದೆ, ಒಳಗೆ ಬಂದರೆ ಕೈ ಮುಂದೆ ಚಾಚಿದಾಗ ಬೆನ್ನು ಹಿಡಿಯುತ್ತದೆ.

ಎದೆ ಸುತ್ತನ್ನು ಕಂಕುಳ ಕೆಳಗೆ, ತೀರ ಉಬ್ಬಿದ ಕಡೆ, ಟೇಪಿನೊಳಗೆ ಎರಡು ಬೆರಳು ಇಟ್ಟು ತೆಗೆಯಬೇಕು. ಮೈಯಳತೆಗೆ ಎಷ್ಟು ಸಡಿಲ ಸೇರಿಸಬೇಕು ಎಂಬುದನ್ನು ನೀವೇ ಹೇಳಬೇಕು. ಮೈಗಂಟಿದ ಅಂಗಿಗೆ 3ರಿಂದ 4 ಇಂಚು, ಸಾಧಾರಣಕ್ಕೆ 5ರಿಂದ 6. ಬೇಸಿಗೆಗೆ ಎರಡನೆಯದೇ ಒಳ್ಳೆಯದು: ಮೈಗೂ ಬಟ್ಟೆಗೂ ನಡುವೆ ಗಾಳಿ ಆಡದಿದ್ದರೆ ಹತ್ತಿಯೂ ಬೆವರಿಗೆ ಅಂಟಿಕೊಳ್ಳುತ್ತದೆ. ಹೊಟ್ಟೆ ಇರುವವರು ಹೊಟ್ಟೆಯ ಸುತ್ತನ್ನು ಬೇರೆಯಾಗಿ ಬರೆಸಬೇಕು. ಎದೆಯಳತೆಯಲ್ಲೇ ನೇರ ಇಳಿಸಿದರೆ ಕೆಳಗಿನ ಎರಡು ಗುಂಡಿ ಬಾಯಿ ಬಿಡುತ್ತವೆ.

ಕಾಲರ್‌ಗೆ ಕೊರಳಿನ ಬುಡದಲ್ಲಿ ಟೇಪು ಸುತ್ತಿ ಅರ್ಧ ಇಂಚು ಸೇರಿಸಿ. ಗುಂಡಿ ಹಾಕಿದ ಮೇಲೆ ಒಳಗೆ ಎರಡು ಬೆರಳು ಆಡಬೇಕು. ಮೇಲಿನ ಗುಂಡಿ ಎಂದೂ ಹಾಕುವುದಿಲ್ಲ ಎನ್ನುವವರೂ ಸರಿಯಾದ ಅಳತೆಯನ್ನೇ ಕೊಡಿ, ಇಲ್ಲದಿದ್ದರೆ ಕಾಲರ್ ಎರಡು ಕಡೆಗೂ ಅಗಲವಾಗಿ ಬಿದ್ದುಕೊಳ್ಳುತ್ತದೆ.

ಇನ್ನು ಕಂಕುಳ. ಬಹಳ ಮಂದಿ ಉಲ್ಟಾ ತಿಳಿದಿರುವುದು ಇದನ್ನೇ. ಕೈಯಾಡಲಿಕ್ಕೆ ಅನುಕೂಲವಾಗಲಿ ಎಂದು "ಕಂಕುಳ ದೊಡ್ಡದಾಗಿ ಬಿಡ್ರಿ" ಎನ್ನುತ್ತಾರೆ. ದೊಡ್ಡದು ಬಿಟ್ಟಷ್ಟೂ ಕೈ ಎತ್ತುವುದು ಕಷ್ಟ. ಕಂಕುಳ ತಗ್ಗಾದರೆ ತೋಳು ಮೈಗೆ ಸೇರುವ ಜಾಗ ಪಕ್ಕೆಯವರೆಗೆ ಇಳಿಯುತ್ತದೆ. ಕೈ ಎತ್ತಿದಾಗ ತೋಳು ಪಕ್ಕದ ಬಟ್ಟೆಯನ್ನೂ ತನ್ನೊಟ್ಟಿಗೆ ಎಳೆದು ಅಂಗಿಯೆಲ್ಲ ಪ್ಯಾಂಟಿನಿಂದ ಹೊರಬರುತ್ತದೆ. ಹೊಲಿಗೆ ಕಂಕುಳಿಗಿಂತ ಒಂದು ಇಂಚು ಮಾತ್ರ ಕೆಳಗಿದ್ದರೆ ಕೈ ತನ್ನಷ್ಟಕ್ಕೆ ಆಡುತ್ತದೆ. ಬಸ್ಸಿನಲ್ಲಿ ಕಂಬಿ ಹಿಡಿದು ನಿಲ್ಲುವವರಿಗೆ, ಬೋರ್ಡಿನ ಮೇಲೆ ಬರೆಯುವ ಮೇಷ್ಟ್ರಿಗೆ, ಮೂಟೆ ಎತ್ತುವವರಿಗೆ ಇದೊಂದು ಸರಿಯಾದರೆ ಅಂಗಿಯ ಮುಕ್ಕಾಲು ಭಾಗ ಸರಿಯಾದಂತೆ. ಟೇಲರ್‌ಗೆ ಹೇಳುವ ಮಾತು: "ಮಾಸ್ಟರ್, ಆರ್ಮ್‌ಹೋಲ್ ತಗ್ಗಿಸಬ್ಯಾಡ್ರಿ, ಕಂಕುಳಿಂದ ಒಂದ ಇಂಚು ಸಾಕ್ರಿ. ಬೇಕಾದ್ರ ತೋಳಿನ ಅಗಲ ಅರ್ಧ ಇಂಚು ಜಾಸ್ತಿ ಇಡ್ರಿ."

ಪೂರ್ತಿ ತೋಳಿನ ಉದ್ದವನ್ನು ಮೊಣಕೈ ಸ್ವಲ್ಪ ಮಡಿಸಿ, ಭುಜದ ಮೂಳೆಯಿಂದ ಹೆಬ್ಬೆರಳಿನ ಬುಡದವರೆಗೆ ತೆಗೆಯಬೇಕು. ಕೈ ನೇರ ಇಳಿಬಿಟ್ಟು ತೆಗೆದರೆ ಬೈಕ್ ಹಿಡಿದಾಗ ಕಫ್ ಮುಂಗೈಗೆ ಏರಿ ಕೂರುತ್ತದೆ. ಅಂಗಿಯ ಉದ್ದ ಪ್ಯಾಂಟಿನೊಳಗೆ ಸೇರಿಸುವವರಿಗೆ ಪೃಷ್ಠ ಪೂರ್ತಿ ಮುಚ್ಚುವಷ್ಟು, ಹೊರಗೆ ಬಿಡುವವರಿಗೆ ಅದರ ಅರ್ಧಕ್ಕೆ ಬರುವಷ್ಟು ಸಾಕು.

ಟೇಲರ್ ಹತ್ತಿರ ಹೇಳಲೇಬೇಕಾದ ಮಾತುಗಳು

ಕಾಲರಿನೊಳಗೆ ಹಾಕುವ ಕ್ಯಾನ್ವಾಸ್ ಯಾವುದು ಎಂದು ಕೇಳಿ. ಈಗ ಹೆಚ್ಚಿನವರು ಹಾಕುವುದು ಇಸ್ತ್ರಿಗೆ ಅಂಟುವ ಫ್ಯೂಸಿಂಗ್. ಒಳ್ಳೆಯದನ್ನು ಸರಿಯಾಗಿ ಅಂಟಿಸಿದರೆ ವರ್ಷಗಟ್ಟಲೆ ನಿಲ್ಲುತ್ತದೆ. ಇಸ್ತ್ರಿಪೆಟ್ಟಿಗೆಯನ್ನು ಉಜ್ಜದೆ, ಒಂದೊಂದು ಜಾಗದಲ್ಲಿ 10-15 ಸೆಕೆಂಡ್ ಒತ್ತಿ ಹಿಡಿಯಬೇಕು, ಬಟ್ಟೆಯನ್ನು ಆರಿದ ಮೇಲೆಯೇ ಎತ್ತಬೇಕು. ಅವಸರದಲ್ಲಿ ಉಜ್ಜಿಬಿಟ್ಟರೆ ಅಂಟು ಅಲ್ಲಲ್ಲಿ ಮಾತ್ರ ಹಿಡಿದು, ನಾಲ್ಕಾರು ಒಗೆತಕ್ಕೆ ಕಾಲರ್ ಮೇಲೆ ಗುಳ್ಳೆ ಏಳುತ್ತದೆ. ಒಮ್ಮೆ ಎದ್ದ ಗುಳ್ಳೆ ಯಾವ ಇಸ್ತ್ರಿಗೂ ಹೋಗುವುದಿಲ್ಲ.

ಕಾಜಾ, ಅಂದರೆ ಗುಂಡಿ ತೂರುವ ಸೀಳು, ಗುರುತು ಮಾಡುವಾಗ ಮೇಲಿಂದ ಕೆಳಗೆ ಸಮ ಅಂತರದಲ್ಲಿ ಹೊಡೆದುಬಿಡುವುದು ರೂಢಿ. ಹಾಗೆ ಮಾಡಿದರೆ ಎದೆಯ ಉಬ್ಬು ಎರಡು ಗುಂಡಿಗಳ ನಡುವೆ ಬಿದ್ದು ಅಲ್ಲಿ ಅಂಗಿ ಬಾಯಿ ತೆರೆಯಬಹುದು. ಮೊದಲು ಎದೆಯ ಉಬ್ಬಿನ ಮೇಲೆ ಒಂದು ಗುಂಡಿ ಗುರುತು ಮಾಡಿಸಿ. ಅಲ್ಲಿಂದ ಮೇಲಕ್ಕೂ ಕೆಳಕ್ಕೂ ಮೂರರಿಂದ ಮೂರೂವರೆ ಇಂಚಿಗೊಂದರಂತೆ ಹಂಚಲಿ. ಎದೆಯ ಪಟ್ಟಿಯ ಕಾಜಾ ಉದ್ದುದ್ದ, ಕಾಲರ್‌ನ ಕಾಜಾ ಅಡ್ಡ. ಕಾಜಾ ಹೊಡೆಯಲು ಬೇರೆ ಅಂಗಡಿಗೆ ಕಳಿಸುವುದರಿಂದ ಗುರುತು ನಿಮ್ಮ ಟೇಲರೇ ಹಾಕಿ ಕಳಿಸಬೇಕು.

ಎದೆಯ ಕಿಸೆಗೆ ಮೊಬೈಲ್ ಹಾಕುವವರು ಮೊದಲೇ ಹೇಳಿಬಿಡಿ. 200 ಗ್ರಾಂ ಹತ್ತಿರದ ಭಾರ ದಿನವೆಲ್ಲ ಒಂದು ಕಡೆ ಜಗ್ಗಿದರೆ ಕಿಸೆಯ ಮೂಲೆ ಕಿತ್ತು, ಜೊತೆಗೆ ಎದೆಯ ಬಟ್ಟೆಯೂ ಹರಿಯುತ್ತದೆ. ಬಾಯಿಯ ಎರಡು ಮೂಲೆಗೆ ತ್ರಿಕೋನ ಹೊಲಿಗೆ, ಅದರ ಹಿಂದೆ ಒಳಗಡೆ ಒಂದು ಸಣ್ಣ ತುಂಡು ಬಟ್ಟೆ ಇಡಿಸಿ.

ಪಕ್ಕದ ಹೊಲಿಗೆಯಲ್ಲಿ ಎರಡು ದಾರಿ. ಮಡಚಿ ಹಾಕುವ ಜೋಡಿ ಹೊಲಿಗೆ ಗಟ್ಟಿ, ಮೈಗೆ ಚುಚ್ಚುವುದಿಲ್ಲ, ಆದರೆ ಮುಂದೆ ಸಡಿಲ ಮಾಡಲು ಬಟ್ಟೆ ಉಳಿಯುವುದಿಲ್ಲ. ಅಂಚಿಗೆ ದಾರ ಸುತ್ತುವ ಓವರ್‌ಲಾಕ್ ಮಾಡಿ ಬಿಟ್ಟರೆ ಒಳಗೆ ಮುಕ್ಕಾಲು ಇಂಚು ಉಳಿಸಿಕೊಳ್ಳಬಹುದು. ಬೆವರಿದ ಮೈಗೆ ದಾರ ಸ್ವಲ್ಪ ಕೆರೆಯುತ್ತದೆ. ಮೈ ಏರಿಳಿಯುವವರು ಎರಡನೆಯದನ್ನು, ಉಳಿದವರು ಮೊದಲನೆಯದನ್ನು ಕೇಳಿ.

ಜೀನ್ಸ್ ಕೆಲಸವನ್ನೂ ಮಾಡುವ ಅಂಗಡಿಯಲ್ಲಿ ಕೊಡುವುದಾದರೆ ಇನ್ನೊಂದು ಮಾತು. ಜೀನ್ಸ್‌ಗೆ 16 ಅಥವಾ 18ನೇ ನಂಬರಿನ ಸೂಜಿ ಬೇಕು. ಅದೇ ಸೂಜಿಯಲ್ಲಿ ತೆಳು ಪಾಪ್ಲಿನ್ ಹೊಲಿದರೆ ಹೊಲಿಗೆಯುದ್ದಕ್ಕೂ ತೂತು ಕಾಣುತ್ತವೆ, ಬಟ್ಟೆ ನೆರಿಗೆಗಟ್ಟುತ್ತದೆ. ಅಂಗಿಗೆ 11, ದಪ್ಪ ಬಟ್ಟೆಗೆ 14. ಒಂದು ಇಂಚಿನಲ್ಲಿ 12ರಿಂದ 14 ಹೊಲಿಗೆ ಬೀಳಬೇಕು. ಅಳತೆಪಟ್ಟಿ ಇಟ್ಟು ಎಣಿಸಿದರೆ ಗೊತ್ತಾಗುತ್ತದೆ. 8-9ಕ್ಕೆ ಇಳಿದಿದ್ದರೆ ಅವಸರದ ಕೆಲಸ, ಬೇಗ ಬಿಡುತ್ತದೆ.

ಉಳಿದ ತುಂಡು ಬಟ್ಟೆಯನ್ನೂ ಎರಡು ಗುಂಡಿಯನ್ನೂ ಕೇಳಿ ತೆಗೆದುಕೊಂಡು ಬನ್ನಿ.

ಮಕ್ಕಳ ಶಾಲೆಯ ಅಂಗಿಗೆ ಲೆಕ್ಕವೇ ಬೇರೆ. ಕೆಳಗಿನ ಮಡಿಕೆಯಲ್ಲಿ ಎರಡು ಇಂಚು, ಪಕ್ಕದಲ್ಲಿ ಒಂದು ಇಂಚು ಒಳಗೆ ಬಿಡಿಸಿ, ಬಿಚ್ಚಲು ಸುಲಭವಾದ ಉದ್ದ ಹೊಲಿಗೆ ಹಾಕಿಸಿ. ಭುಜವನ್ನು ಮಾತ್ರ ಬೆಳೆಯುವ ಮಗುವಿಗೆ ಎಂದು ಎರಡು ಇಂಚು ದೊಡ್ಡದು ಮಾಡಿಸಬೇಡಿ, ತೋಳು ಮೊಣಕೈಗೆ ಜೋತು ಬರೆಯಲಿಕ್ಕೆ ತೊಡಕಾಗುತ್ತದೆ. ಮುಕ್ಕಾಲು ಇಂಚು ಸಾಕು.

ತೊಟ್ಟು ನೋಡುವಾಗ

ಕನ್ನಡಿಯ ಮುಂದೆ ನೆಟ್ಟಗೆ ನಿಂತರೆ ಎಲ್ಲ ಅಂಗಿಯೂ ಚೆನ್ನಾಗಿಯೇ ಕಾಣುತ್ತದೆ. ಎಲ್ಲ ಗುಂಡಿ ಹಾಕಿ, ಕೂತು ನೋಡಿ, ಎರಡೂ ಕೈ ಮೇಲೆತ್ತಿ, ಕೈಕಟ್ಟಿ. ಆಮೇಲೆ ಸುಕ್ಕುಗಳನ್ನು ನೋಡಿ. ಗುಂಡಿಯಿಂದ ನಾಲ್ಕು ಕಡೆಗೆ ಗೆರೆ ಎಳೆದರೆ ಅಲ್ಲಿ ಬಿಗಿ. ಒಳಗೆ ಬಟ್ಟೆ ಇದ್ದರೆ ಪಕ್ಕ ಬಿಡಿಸಬಹುದು. ಬೆನ್ನಿನ ಮೇಲೆ ಕಾಲರ್ ಕೆಳಗೆ ಅಡ್ಡ ಮಡಿಕೆ ಬಿದ್ದರೆ ನಿಮ್ಮ ಭುಜ ನೇರ, ಕತ್ತರಿಸಿದ್ದು ಇಳಿಜಾರಾಗಿದೆ. ಕಾಲರ್ ಬಿಚ್ಚಿ ಬೆನ್ನಿನ ಕಡೆ ಕಾಲಿಂಚು ತಗ್ಗಿಸಿದರೆ ಹೋಗುತ್ತದೆ. ಕೊರಳಿನಿಂದ ಕಂಕುಳ ಕಡೆಗೆ ಓರೆ ಗೆರೆ ಇಳಿದರೆ ನಿಮ್ಮದೇ ಭುಜ ಇಳಿಜಾರು, ಅಂಗಿಯದು ನೇರ. ತೋಳು ಬಿಚ್ಚಿ ಭುಜದ ತುದಿಯಲ್ಲಿ ಸ್ವಲ್ಪ ಹಿಡಿಯಬೇಕಾಗುತ್ತದೆ. ಇದು ದೊಡ್ಡ ಕೆಲಸ, ಆದರೂ ಕೇಳುವುದರಲ್ಲಿ ಸಂಕೋಚ ಬೇಡ. "ಮಾಸ್ಟರ್, ಇಲ್ಲಿ ಜಗ್ಗಾಕತ್ತೈತ್ರಿ" ಎಂದು ಜಾಗ ಮುಟ್ಟಿ ತೋರಿಸಿದರೆ ಬಲ್ಲ ಟೇಲರ್‌ಗೆ ಕಾರಣ ಕೂಡಲೇ ಹೊಳೆಯುತ್ತದೆ. "ಯಾಕೋ ಸರಿ ಕಾಣವಲ್ದು" ಎಂದಷ್ಟೇ ಹೇಳಿದರೆ ಯಾರಿಗೂ ದಾರಿ ಸಿಗುವುದಿಲ್ಲ. ತೋರಿಸಿದ ಮೇಲೆ ಸರಿಯಾದ ಅಳತೆಯನ್ನು ಅವರ ಪುಸ್ತಕದಲ್ಲಿ ತಿದ್ದಿಸಿ, ನೀವೂ ಬರೆದಿಟ್ಟುಕೊಳ್ಳಿ.

ಒಗೆಯುವುದು

ಬೋರ್‌ವೆಲ್ ನೀರು ಗಡುಸಾಗಿರುವ ಊರುಗಳಲ್ಲಿ ಬಿಳಿ ಅಂಗಿ ಬೂದು ಬಣ್ಣಕ್ಕೆ ತಿರುಗುವುದು ಕೊಳೆಯಿಂದಲ್ಲ. ನೀರಿನ ಸುಣ್ಣದಂಶವೂ ಸೋಪೂ ಸೇರಿ ಕರಗದ ಜಿಡ್ಡಾಗಿ ನೂಲಿಗೆ ಅಂಟುತ್ತವೆ. ಅಂಥ ನೀರಿಗೆ ಬಾರ್ ಸೋಪಿಗಿಂತ ಡಿಟರ್ಜೆಂಟ್ ಪುಡಿ ಒಳ್ಳೆಯದು. ಮೊದಲು ಬಕೆಟ್ಟಿಗೆ ಒಂದು ಚಮಚ ವಾಷಿಂಗ್ ಸೋಡಾ ಕರಗಿಸಿ, ಕೊನೆಯ ಜಾಲಿಕೆಗೆ ಸಾಧ್ಯವಾದರೆ ಹೊಳೆಯ ಅಥವಾ ಕಾಲುವೆಯ ನೀರು ಬಳಸಿ. ನೀರಲ್ಲಿ ಕಬ್ಬಿಣದಂಶ ಇದ್ದರೆ ಬ್ಲೀಚ್ ಹಾಕಬೇಡಿ, ಆ ಕಬ್ಬಿಣ ತುಕ್ಕಾಗಿ ಅಂಗಿಗೆ ಹಳದಿ ಹಿಡಿಯುತ್ತದೆ.

ಸಂಡೂರು, ತೋರಣಗಲ್ಲು ಕಡೆಯ ಅದಿರಿನ ಕೆಂಪು ಧೂಳು ಬಿದ್ದ ಅಂಗಿಯನ್ನು ನೇರ ನೀರಿಗೆ ಹಾಕಬಾರದು. ಅದು ಕಬ್ಬಿಣದ ಅದಿರಿನ ಪುಡಿಯೇ, ಕರಗುವುದಿಲ್ಲ. ಒದ್ದೆ ಮಾಡಿ ಉಜ್ಜಿದರೆ ನೂಲಿನೊಳಗೆ ಇಳಿಯುತ್ತದೆ. ಒಣಗಿದ್ದಾಗಲೇ ಚೆನ್ನಾಗಿ ಝಾಡಿಸಿ, ಬ್ರಷ್ ಆಡಿಸಿ, ಆಮೇಲೆ ನೆನೆಸಿ. ಬಿಳಿ ಹತ್ತಿಯ ಮೇಲೆ ಕಲೆ ಉಳಿದರೆ ನಿಂಬೆರಸ, ಉಪ್ಪು ಹಚ್ಚಿ ಅರ್ಧ ಗಂಟೆ ಬಿಸಿಲಿಗಿಟ್ಟು ತೊಳೆಯಿರಿ. ಎರೆಮಣ್ಣಿನ ಕೆಸರನ್ನೂ ನೆನೆಸುವ ಮೊದಲು ಹೀಗೆಯೇ ಝಾಡಿಸಬೇಕು, ಪೂರ್ತಿ ಒಣಗುವವರೆಗೆ ಕಾಯಬೇಕು. ಒಗ್ಗರಣಿ-ಮಿರ್ಚಿಯ ಎಣ್ಣೆ ಬಿದ್ದರೆ ನೀರು ತಾಗುವ ಮೊದಲೇ ಪಾತ್ರೆ ತೊಳೆಯುವ ದ್ರವ ಒಂದು ಹನಿ ಹಚ್ಚಿ ಕಾಲು ಗಂಟೆ ಬಿಡಿ. ಕಾಲರ್ ಮಡಿಕೆಯ ಕಪ್ಪೂ ಮೈಯ ಎಣ್ಣೆಯೇ. ಅದಕ್ಕೆ ಒಣಗಿದ್ದಾಗಲೇ ಶಾಂಪೂ ಹಚ್ಚಿದರೆ ಬ್ರಷ್‌ನಿಂದ ತಿಕ್ಕಿ ನೂಲು ಸವೆಸುವ ಪ್ರಮೇಯ ಬರುವುದಿಲ್ಲ. ಅರಿಸಿನದ ಕಲೆ ಸೋಪು ಹಚ್ಚಿದಾಗ ಕೆಂಪಾದರೆ ಗಾಬರಿ ಬೇಡ, ಎರಡು ಬಿಸಿಲಿಗೆ ಮಾಸುತ್ತದೆ.

ಕಾಲರ್ ಸವೆದಾಗ

ಮೈಯೆಲ್ಲ ಗಟ್ಟಿಯಿದ್ದು ಕಾಲರ್ ಮಡಿಕೆ ಮಾತ್ರ ಸವೆದು ಎಳೆ ಬಿಟ್ಟ ಅಂಗಿಯನ್ನು ಎಸೆಯಬೇಕಿಲ್ಲ. ಕಾಲರನ್ನು ಕೆಳಗಿನ ಪಟ್ಟಿಯಿಂದ ಬಿಚ್ಚಿ, ತಿರುವಿ, ಸವೆದ ಮುಖ ಒಳಗೆ ಹೋಗುವಂತೆ ಮತ್ತೆ ಅದೇ ಪಟ್ಟಿಗೆ ಹೊಲಿಯಬಹುದು. ಬಿಚ್ಚುವ ಮೊದಲು ಕಾಲರಿನ ನಡುಮಧ್ಯವನ್ನೂ ಪಟ್ಟಿಯ ನಡುಮಧ್ಯವನ್ನೂ ಪೆನ್ಸಿಲಿನಲ್ಲಿ ಗುರುತು ಮಾಡಬೇಕು, ಇಲ್ಲದಿದ್ದರೆ ಒಂದು ತುದಿ ಉದ್ದ, ಒಂದು ತುದಿ ಗಿಡ್ಡ ಬರುತ್ತದೆ. ಬಿಚ್ಚಿದ ಮೇಲೆ ಸವೆದ ಜಾಗಕ್ಕೆ ಒಳಗಿನಿಂದ ತೆಳು ಫ್ಯೂಸಿಂಗ್ ಒತ್ತಿಸಿ. ತುದಿಗೆ ಗುಂಡಿ ಇರುವ ಕಾಲರ್, ಕೆಳಮುಖಕ್ಕೆ ಬೇರೆ ಬಣ್ಣದ ಬಟ್ಟೆ ಹಾಕಿದ ಕಾಲರ್ ಇವನ್ನು ತಿರುವಲು ಬರುವುದಿಲ್ಲ. ಅವಕ್ಕೆ, ಹೊಲಿಸಿದಾಗ ಕೇಳಿ ತಂದ ತುಂಡು ಬಟ್ಟೆ ಸಾಲುವಷ್ಟಿದ್ದರೆ, ಹೊಸ ಕಾಲರನ್ನೇ ಹಾಕಿಸಬೇಕು. ಆ ತುಂಡನ್ನು ಅಂಗಿಯ ಜೊತೆಗೇ ಆಗಾಗ ಒಗೆಯುತ್ತಿದ್ದರೆ ಬಣ್ಣ ಎರಡರಲ್ಲೂ ಒಂದೇ ಸಮ ಮಾಸಿರುತ್ತದೆ.